ಶಾಲು, ಹಾರ, ಫೋಟೊ ಮುಗಿದ ಮೇಲೆ: ಊರಿನ ಸೇವಾ ಕ್ಲಬ್‌ಗಳು ಮಾಡೋ ಕೆಲಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ನಮ್ಮ ಕಡೆ ಬಹಳಷ್ಟು ಊರುಗಳ ಬಾಗಿಲಲ್ಲೇ ‘ಸುಸ್ವಾಗತ’ ಅಂತ ಒಂದು ಫಲಕ ಇರುತ್ತೆ. ಅದರ ಮೂಲೆಯಲ್ಲಿ ಹಲ್ಲುಚಕ್ರ ಇದ್ರೆ ರೋಟರಿ. ಆ ಕಡೆ ಒಂದು, ಈ ಕಡೆ ಒಂದು ಸಿಂಹದ ಮುಖ ಇದ್ರೆ ಲಯನ್ಸ್. ಕರಾವಳಿ, ಮಲೆನಾಡಿನ ಕಡೆ ಜೇಸೀಸ್ ಹೆಸರೂ ಕಾಣಿಸುತ್ತೆ. ದಿನಾ ನೋಡ್ತೀವಿ, ದಿನಾ ದಾಟಿ ಹೋಗ್ತೀವಿ.

ಈ ಕ್ಲಬ್‌ಗಳ ಬಗ್ಗೆ ನಮ್ಮ ತಲೆಯಲ್ಲಿರೋ ಚಿತ್ರ ಒಂದೇ. ಪೇಪರಿನ ಒಳಪುಟದ ಫೋಟೊ. ಹಿಂದೆ ಬ್ಯಾನರ್, ಮುಂದೆ ಹತ್ತು ಜನ, ನಡುವೆ ಒಂದು ಪುಟ್ಟ ಮಗು. ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್. ಆ ಒಂದು ನೋಟ್‌ಬುಕ್‌ಗೆ ಹತ್ತೂ ಜನ ಕೈ ಹಾಕಿರ್ತಾರೆ. ಇದನ್ನ ಮೀಮ್ ಮಾಡಿ ನಗೋದು ಸುಲಭ, ನಗಬೇಕಾದ ವಿಷಯವೂ ಹೌದು. ಆದ್ರೆ ಫೋಟೊ ತೆಗೆದಾದ ಮೇಲೆ ಏನಾಗುತ್ತೆ? ಅದನ್ನ ಇವತ್ತು ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ. 1905ರ ಫೆಬ್ರವರಿ 23, ಅಮೆರಿಕದ ಶಿಕಾಗೊ. ಪಾಲ್ ಹ್ಯಾರಿಸ್ ಅನ್ನೋ ವಕೀಲ, ಇನ್ನು ಮೂವರು ಸೇರಿ ಒಂದು ಸಭೆ ಮಾಡ್ತಾರೆ. ಸರದಿ ಪ್ರಕಾರ ಒಬ್ಬೊಬ್ಬರ ಆಫೀಸಲ್ಲಿ ಸೇರ್ತಾ ಇದ್ದಿದ್ರಿಂದ ‘ರೋಟರಿ’ ಅಂತ ಹೆಸರು ಬಂತು. ಶುರುವಲ್ಲಿ ಉದ್ದೇಶ ಅಂಥ ದೊಡ್ಡದೇನಲ್ಲ. ದೊಡ್ಡ ಊರಲ್ಲಿ ನಾಲ್ಕು ಜನ ಸ್ನೇಹಿತರು ಸಿಗಲಿ, ಒಬ್ಬರಿಂದ ಇನ್ನೊಬ್ಬರಿಗೆ ವ್ಯಾಪಾರ ಆಗಲಿ, ಅಷ್ಟೇ. ಆಮೇಲೆ ಊರಿನ ಕೆಲಸಕ್ಕೆ ಕೈ ಹಾಕಿದ್ರು. ಮೊದಲು ಹಿಡಿದ ಕೆಲಸ ಯಾವುದು ಗೊತ್ತಾ? ಶಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಿ ಅಂತ ನಗರಾಡಳಿತದ ಬೆನ್ನು ಬಿದ್ದಿದ್ದು!

ಲಯನ್ಸ್ ಹುಟ್ಟಿದ್ದೂ ಶಿಕಾಗೊದಲ್ಲೇ, 1917ರಲ್ಲಿ. ಮೆಲ್ವಿನ್ ಜೋನ್ಸ್ ಅನ್ನೋ ವಿಮೆ ವ್ಯಾಪಾರಿ ಕಟ್ಟಿದ್ದು. 1925ರಲ್ಲಿ ಹೆಲೆನ್ ಕೆಲ್ಲರ್ ಅವರ ಸಮಾವೇಶಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡ್ರು. ಇವತ್ತಿಗೂ ಲಯನ್ಸ್ ಅಂದ್ರೆ ಕಣ್ಣಿನ ಶಿಬಿರ, ಕಣ್ಣಿನ ಆಸ್ಪತ್ರೆ ನೆನಪಾಗೋದು ಅದಕ್ಕೇ. ಬೆಂಗಳೂರಲ್ಲೂ ಲಯನ್ಸ್ ಹೆಸರಿನ ದೊಡ್ಡ ಕಣ್ಣಿನ ಆಸ್ಪತ್ರೆ ಇದೆ.

ಸರಿ, ಈಗ ನಿಮ್ಮ ಎಡಗೈ ಕಿರುಬೆರಳು ನೋಡ್ಕೊಳ್ಳಿ.

ಇದನ್ನ ಕೇಳ್ತಿರೋ ಬಹಳ ಜನರ ಬೆರಳಿಗೆ ಚಿಕ್ಕವರಿದ್ದಾಗ ಒಂದು ಭಾನುವಾರ ಶಾಯಿ ಗುರುತು ಹಾಕಿರ್ತಾರೆ. ಪಲ್ಸ್ ಪೋಲಿಯೊ, ಬಾಯಿಗೆ ಎರಡು ಹನಿ. ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 1995ರಲ್ಲಿ. ಲಸಿಕೆ ಸರ್ಕಾರದ್ದು, ಹಾಕಿದವರು ಹೆಚ್ಚಾಗಿ ಆರೋಗ್ಯ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು. ಅವರ ಶ್ರಮವನ್ನ ಯಾವ ಕ್ಲಬ್ಬೂ ತನ್ನದು ಅಂತ ಹೇಳಿಕೊಳ್ಳೋ ಹಾಗಿಲ್ಲ. ಆದ್ರೆ ಪಕ್ಕದಲ್ಲಿ ರೋಟರಿಯವರು ಇದ್ರು. ಬೂತಿಗೆ ಶಾಮಿಯಾನ, ಕುರ್ಚಿ, ಆಟೊದಲ್ಲಿ ಮೈಕ್ ಕಟ್ಟಿ ಪ್ರಚಾರ, ಕೆಲಸ ಮಾಡೋರಿಗೆ ಊಟ, ಓಡಾಡೋಕೆ ಗಾಡಿ.

ಈ ಕೆಲಸದ ಬೇರು ಇನ್ನೂ ಹಳೇದು. 1979ರಲ್ಲಿ ಫಿಲಿಪೀನ್ಸ್‌ನಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸೋ ಯೋಜನೆಯಿಂದ ರೋಟರಿ ಶುರು ಮಾಡ್ತು. 1985ರಲ್ಲಿ ಪೋಲಿಯೊ ಪ್ಲಸ್ ಅನ್ನೋ ಕಾರ್ಯಕ್ರಮ ಘೋಷಿಸ್ತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆ ಸೇರಿ ಜಾಗತಿಕ ಅಭಿಯಾನ ಆಗಿದ್ದು 1988ರಲ್ಲಿ. ಭಾರತದಲ್ಲಿ 2009ರಲ್ಲೂ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. ಉತ್ತರ ಪ್ರದೇಶದ ಕೆಲವು ಕಡೆ ಲಸಿಕೆ ಬಗ್ಗೆ ವದಂತಿ ಹಬ್ಬಿ ಬಾಗಿಲೇ ತೆಗೀತಿರಲಿಲ್ಲ. ಆಗ ರೋಟರಿಯವರು ಮುಸ್ಲಿಂ ಧರ್ಮಗುರುಗಳನ್ನೇ ಸೇರಿಸಿ ಒಂದು ಸಮಿತಿ ಕಟ್ಟಿ, ಅವರ ಬಾಯಲ್ಲೇ ಲಸಿಕೆ ಹಾಕಿಸಿ ಅಂತ ಹೇಳಿಸಿದ್ರು. ನಮ್ಮ ದೇಶದ ಕೊನೆಯ ಪ್ರಕರಣ ಬಂದಿದ್ದು 2011ರ ಜನವರಿ 13ಕ್ಕೆ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಭಾರತ ಇರೋ ಇಡೀ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ತು.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದ್ರೆ, ಒಂದೇ ಕೆಲಸ ಹಿಡಿದು ಹತ್ತಾರು ವರ್ಷ ಬಿಡದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಊರ ಮಟ್ಟಕ್ಕೆ ಬರೋಣ. ಕ್ಲಬ್‌ಗಳು ಅತಿ ಹೆಚ್ಚು ಮಾಡೋ ಕೆಲಸ ರಕ್ತದಾನ ಶಿಬಿರ. ಇಲ್ಲಿ ಒಂದು ಲೆಕ್ಕ ಇದೆ, ಅದು ಅರ್ಥ ಆದ್ರೆ ಒಳ್ಳೇ ಶಿಬಿರ ಯಾವುದು, ಬರೀ ಜಾತ್ರೆ ಯಾವುದು ಅಂತ ನೀವೇ ಹೇಳಬಹುದು.

ನಾವು ಕೊಟ್ಟ ರಕ್ತ ಎಷ್ಟು ದಿನ ಇಡಬಹುದು? ಕೆಂಪು ರಕ್ತಕಣ ಅಂದ್ರೆ ಸುಮಾರು 35ರಿಂದ 42 ದಿನ. ಪ್ಲೇಟ್‌ಲೆಟ್ ಆದ್ರೆ ಬರೀ 5 ದಿನ. ಈಗ ಯೋಚನೆ ಮಾಡಿ. ಯಾರದೋ ಹುಟ್ಟುಹಬ್ಬ, ಒಂದೇ ದಿನ ಮುನ್ನೂರು ಜನ ಸಾಲು ನಿಂತು ರಕ್ತ ಕೊಟ್ರು. ಫೋಟೊ ಚೆನ್ನಾಗಿ ಬಂತು. ಆದ್ರೆ ರಕ್ತನಿಧಿಗೆ ಆ ವಾರ ಅಷ್ಟು ಬೇಕಿತ್ತಾ? ಬೇಡದಿದ್ರೆ ಅವಧಿ ಮುಗಿದು ಚೆಲ್ಲಬೇಕಾಗುತ್ತೆ. ಆ ಮುನ್ನೂರರಲ್ಲಿ ಗಂಡಸರು ಮತ್ತೆ ಕೊಡಬೇಕಾದ್ರೆ 3 ತಿಂಗಳು ಕಾಯಬೇಕು, ಹೆಂಗಸರು 4 ತಿಂಗಳು. ಅಷ್ಟರಲ್ಲಿ ಏಪ್ರಿಲ್, ಮೇ ಬರುತ್ತೆ. ಕಾಲೇಜಿಗೆ ರಜೆ, ಹಾಸ್ಟೆಲ್ ಖಾಲಿ, ಶಿಬಿರ ಮಾಡೋಣ ಅಂದ್ರೆ ಜನ ಇಲ್ಲ. ಹೆರಿಗೆ ನಿಲ್ಲಲ್ಲ, ಅಪಘಾತ ನಿಲ್ಲಲ್ಲ. ಥಲಸ್ಸೇಮಿಯಾ ಇರೋ ಮಕ್ಕಳಿಗೆ ಕೆಲವೇ ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಮಳೆ ಶುರುವಾಗಿ ಡೆಂಗಿ ಬಂತು ಅಂದ್ರೆ ಪ್ಲೇಟ್‌ಲೆಟ್‌ಗೆ ಓಡಾಟ.

ಅದಕ್ಕೇ ಅನುಭವ ಇರೋ ಕ್ಲಬ್‌ಗಳು ಮೊದಲು ರಕ್ತನಿಧಿಗೆ ಫೋನ್ ಮಾಡಿ, ‘ನಿಮಗೆ ಯಾವಾಗ ಬೇಕು, ಎಷ್ಟು ಬೇಕು’ ಅಂತ ಕೇಳ್ತಾರೆ. ಆಮೇಲೆ ದಿನಾಂಕ ಇಡ್ತಾರೆ. ಒಂದೇ ಸಲ ಮುನ್ನೂರರ ಬದಲು ತಿಂಗಳಿಗೆ ಇಪ್ಪತ್ತೈದು. ಅಪರೂಪದ ಗುಂಪಿನವರ ಪಟ್ಟಿ ಬೇರೆ ಇಟ್ಟು, ಅಗತ್ಯ ಬಿದ್ದಾಗ ಮಾತ್ರ ಕರೀತಾರೆ. ಬೆಂಗಳೂರಿನ ರೋಟರಿ–ಟಿಟಿಕೆ ರಕ್ತನಿಧಿಯ ಹೆಸರು ಕೇಳಿರ್ತೀರಿ. ಶಿಬಿರ ಮುಗಿಸಿ ಕೈ ತೊಳ್ಕೊಳ್ಳೋದು ಬಿಟ್ಟು ಸಂಸ್ಥೆಯನ್ನೇ ಕಟ್ಟೋಕೆ ಕೈಜೋಡಿಸಿದಾಗ ಹಾಗಿರುತ್ತೆ.

ನೀವು ಕೊಡಬಹುದಾ? 18 ತುಂಬಿರಬೇಕು, 65 ದಾಟಿರಬಾರದು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.

ಮುಂದಿನದು ಕಣ್ಣು. ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಒಂದು ಪರಂಪರೆ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಉಚಿತ ಶಿಬಿರ ನಡೆಸಿ, ಅಸಂಖ್ಯ ಜನಕ್ಕೆ ಪೊರೆ ತೆಗೆದು ದೃಷ್ಟಿ ಕೊಟ್ಟವರು. ನಿಮ್ಮ ಅಜ್ಜಿಯನ್ನ ಕೇಳಿ, ಆ ಹೆಸರು ಗೊತ್ತಿರುತ್ತೆ. ಆಗ ಶಾಲೆ, ಛತ್ರದಲ್ಲೇ ಆಪರೇಷನ್ ಆಗ್ತಿತ್ತು. ಈಗ ಹಾಗಿಲ್ಲ. ಸೋಂಕಿನ ಭಯ ಇರೋದ್ರಿಂದ ಊರಲ್ಲಿ ಬರೀ ತಪಾಸಣೆ. ಪೊರೆ ಇರೋರನ್ನ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆಪರೇಷನ್ ಮಾಡಿಸಿ, ವಾಪಸ್ ಊರಿಗೆ ಬಿಡ್ತಾರೆ. ಇಲ್ಲಿ ಕ್ಲಬ್‌ನವರ ಕೆಲಸ ನೋಡೋಕೆ ಚಿಕ್ಕದು. ಅಜ್ಜನ ಬಿ.ಪಿ., ಶುಗರ್ ನೋಡಿಸ್ಬೇಕು, ಜೊತೆಗೆ ಬರೋರು ಯಾರೂ ಇಲ್ಲದಿದ್ರೆ ತಾವೇ ಹೋಗ್ಬೇಕು, ಆಮೇಲೆ ಕಣ್ಣಿಗೆ ಡ್ರಾಪ್ಸ್ ಸರಿಯಾಗಿ ಹಾಕ್ಕೊಂಡ್ರಾ ಅಂತ ವಿಚಾರಿಸ್ಬೇಕು. ಇದರ ಫೋಟೊ ಪೇಪರಲ್ಲಿ ಬರಲ್ಲ. ಆದ್ರೆ ಇದು ತಪ್ಪಿದ್ರೆ ಆಪರೇಷನ್ ಆಗಿಯೂ ಪ್ರಯೋಜನ ಇಲ್ಲ.

ನೇತ್ರದಾನದ್ದು ಇನ್ನೊಂದು ಕಥೆ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ, ಅವರ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಬೇರೆ ಮಾಡಿ, ಒಂದೊಂದನ್ನೂ ಬೇರೆಯವರಿಗೆ ಹಾಕಿದ್ರು. 2006ರಲ್ಲಿ ಅಣ್ಣಾವ್ರ ಕಣ್ಣೂ ದಾನ ಆಗಿತ್ತು. ಅಪ್ಪು ಹೋದ ಮೇಲೆ ರಾಜ್ಯದಲ್ಲಿ ನೇತ್ರದಾನದ ಅರ್ಜಿ ತುಂಬೋಕೆ ಜನ ಮುಗಿಬಿದ್ರು.

ಆದ್ರೆ ಅರ್ಜಿ ತುಂಬಿದ ಮಾತ್ರಕ್ಕೆ ಕಣ್ಣು ದಾನ ಆಗಲ್ಲ. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೀಬೇಕು. ಮನೆಯವರೇ ಒಪ್ಪಬೇಕು, ಮನೆಯವರೇ ಫೋನ್ ಮಾಡಬೇಕು. ಸಾವಿನ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ, ಈ ಮಾತು ಯಾರು ಎತ್ತಬೇಕು? ಊರಲ್ಲಿ ಪರಿಚಯ ಇರೋ, ಜನಕ್ಕೆ ನಂಬಿಕೆ ಇರೋ ಯಾರೋ ಒಬ್ಬರು ಹತ್ತಿರ ಹೋಗಿ ಮೆಲ್ಲಗೆ ಕೇಳ್ಬೇಕು. ಒಳ್ಳೇ ಕ್ಲಬ್ ಇರೋ ಊರಲ್ಲಿ ಆ ಒಬ್ಬರು ಇರ್ತಾರೆ. ಫೋನ್ ಎತ್ತುತ್ತಾರೆ, ತಂಡವನ್ನ ಕರೆಸ್ತಾರೆ, ದಾರಿ ತೋರಿಸ್ತಾರೆ. ಕೆಲಸ ಮುಗಿಯೋಕೆ ಹದಿನೈದು, ಇಪ್ಪತ್ತು ನಿಮಿಷ ಸಾಕು, ಮುಖ ವಿಕಾರ ಆಗಲ್ಲ. ಕನ್ನಡಕ ಹಾಕ್ತಿದ್ರು, ಶುಗರ್ ಇತ್ತು ಅಂತ ಹಿಂಜರಿಯಬೇಕಿಲ್ಲ. ತಂಡ ಬರೋವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆ ಕೆಳಗೆ ದಿಂಬು ಕೊಡಿ. ಇಷ್ಟನ್ನ ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಇನ್ನು ಕಹಿ ಮಾತು.

ರೋಟರಿ, ಲಯನ್ಸ್ ಎರಡರಲ್ಲೂ ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು. ಅಧಿಕಾರ ಒಂದೇ ವರ್ಷ. ಇದರಿಂದ ಒಳ್ಳೇದೂ ಇದೆ, ಯಾರೂ ಕುರ್ಚಿಗೆ ಅಂಟಿಕೊಳ್ಳೋ ಹಾಗಿಲ್ಲ. ತೊಂದರೆ ಏನಂದ್ರೆ, ಪ್ರತಿಯೊಬ್ಬರಿಗೂ ತನ್ನ ವರ್ಷದ ಹೆಸರಲ್ಲಿ ಒಂದು ಕಲ್ಲು ಬೇಕು. ಹೋದ ವರ್ಷ ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಕ್ಯಾಂಡಲ್ ಬದಲಾಯಿಸೋಕೆ ದುಡ್ಡಿಲ್ಲ, ಈ ವರ್ಷ ಇನ್ನೊಂದು ಶಾಲೆಗೆ ಹೊಸ ಫಿಲ್ಟರ್. ಶೌಚಾಲಯ ಕಟ್ಟಿದ್ರು, ನೀರಿನ ಪೈಪು ಎಳೀಲಿಲ್ಲ, ಬೀಗ ಬಿತ್ತು. ಸಸಿ ನೆಟ್ಟ ಫೋಟೊ ಇದೆ, ಬೇಸಿಗೆಯಲ್ಲಿ ನೀರು ಹಾಕಿದ್ದಕ್ಕೆ ಯಾರೂ ಇಲ್ಲ. ನಿಮ್ಮ ಶಾಲೆಯಲ್ಲೂ ಇಂಥ ಒಂದು ‘ಕೊಡುಗೆ’ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದು ನೆನಪಿರಬಹುದು.

ಇದು ಅವರಿಗೂ ಗೊತ್ತು. ರೋಟರಿ ಫೌಂಡೇಶನ್ನಿನ ದೊಡ್ಡ ಅನುದಾನಕ್ಕೆ, ಅಂದ್ರೆ ಕನಿಷ್ಠ 30,000 ಡಾಲರ್ ಬಜೆಟ್ಟಿನ ಯೋಜನೆಗೆ, ಎರಡು ದೇಶಗಳ ರೋಟರಿಯವರು ಸೇರಬೇಕು, ಜನಕ್ಕೆ ಏನು ಬೇಕು ಅಂತ ಮೊದಲೇ ಸಮೀಕ್ಷೆ ಮಾಡಬೇಕು, ಮುಂದೆ ನಡೆಸಿಕೊಂಡು ಹೋಗೋದು ಹೇಗೆ ಅಂತ ಬರೆದುಕೊಡಬೇಕು. ಆದ್ರೆ ಸ್ಥಳೀಯ ದುಡ್ಡಲ್ಲಿ ಮಾಡೋ ಸಣ್ಣ ಕೆಲಸಕ್ಕೆ ಕೇಳೋರು ಯಾರು? ಊರಿನವರೇ ಕೇಳ್ಬೇಕು. ನಾವು ಕೇಳ್ಬೇಕು.

ಹಾಗಾದ್ರೆ ಸೇರಬೇಕಾ, ಬೇಡ್ವಾ? ನಮ್ಮ ವಯಸ್ಸಿನವರಿಗೆ ಬೇರೆ ಬಾಗಿಲೇ ಇದೆ. ಶಾಲಾ ಮಕ್ಕಳಿಗೆ ಇಂಟರ‍್ಯಾಕ್ಟ್, 18 ದಾಟಿದವರಿಗೆ ರೋಟರ‍್ಯಾಕ್ಟ್, ಲಯನ್ಸ್‌ನಲ್ಲಾದ್ರೆ ಲಿಯೊ. ರೋಟರ‍್ಯಾಕ್ಟ್‌ಗೆ ಮೊದಲು 30 ವರ್ಷ ಅಂತ ಮಿತಿ ಇತ್ತು, 2020ರಲ್ಲಿ ತೆಗೆದ್ರು. ‘ಗಂಡಸರ ಕ್ಲಬ್’ ಅನ್ನೋ ಮಾತೂ ಹಳೇದಾಯ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿ ಹೆಂಗಸರಿಗೆ ಬಾಗಿಲು ತೆಗೀತು. ಜಾಗತಿಕ ಅಧ್ಯಕ್ಷ ಸ್ಥಾನಕ್ಕೆ ಮೊದಲ ಮಹಿಳೆ ಬರೋಕೆ ಮಾತ್ರ 2022ರವರೆಗೆ ಕಾಯಬೇಕಾಯ್ತು. ಕೆನಡಾದ ಜೆನಿಫರ್ ಜೋನ್ಸ್.

ಸೇರೋ ಮುಂಚೆ ಒಂದೆರಡು ಸಭೆಗೆ ಸುಮ್ಮನೆ ಅತಿಥಿಯಾಗಿ ಹೋಗಿ ಕೂತ್ಕೊಳ್ಳಿ. ಮೂರು ಪ್ರಶ್ನೆ ಕೇಳಿ. ಈ ಕೆಲಸ ಬೇಕು ಅಂತ ಕೇಳಿದವರು ಯಾರು? ಎರಡು ವರ್ಷ ಆದ್ಮೇಲೆ ಇದನ್ನ ನೋಡ್ಕೊಳ್ಳೋರು ಯಾರು? ಹೋದ ವರ್ಷ ಮಾಡಿದ ಕೆಲಸ ಈಗ ಹೇಗಿದೆ, ತೋರಿಸ್ತೀರಾ? ಮೂರನೇ ಪ್ರಶ್ನೆಗೆ ‘ಬನ್ನಿ, ಭಾನುವಾರ ಹೋಗಿ ನೋಡ್ಕೊಂಡು ಬರೋಣ’ ಅಂತ ಹೇಳೋ ಕ್ಲಬ್ ಸಿಕ್ರೆ, ಕಣ್ಣು ಮುಚ್ಕೊಂಡು ಸೇರಿ. ಆಲ್ಬಮ್ ತೆಗೆದು ತೋರಿಸಿದ್ರೆ ಕಾಫಿ ಕುಡಿದು ಎದ್ದು ಬನ್ನಿ.

ಸೇರೋಕೆ ಟೈಮ್ ಇಲ್ಲ ಅನ್ನೋರಿಗೂ ಒಂದು ಕೆಲಸ ಇದೆ. ಹತ್ತಿರದ ರಕ್ತನಿಧಿಯ ನಂಬರ್, ನೇತ್ರಬ್ಯಾಂಕಿನ ನಂಬರ್ ಈಗಲೇ ಹುಡುಕಿ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿ, ‘ಗುಡ್ ಮಾರ್ನಿಂಗ್’ ಫೋಟೊಗಳ ನಡುವೆ ಅದೂ ಇರಲಿ. ನಿಮ್ಮೂರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೀತಿರೋ ಒಂದು ಸೇವಾ ಕೆಲಸ ಇದ್ರೆ ನಮಗೆ ಬರೆದು ತಿಳಿಸಿ.