ಮೊಬೈಲಿನ ಕರೆ, ಧರಣಿಯ ಚಪ್ಪರ



ಸಹ್ಯಾದ್ರಿಯ ನೀರನ್ನು ಹೊತ್ತು ಹರಿಯುವ ಕೃಷ್ಣೆ, ತುಂಗಭದ್ರೆಯರ ನಡುವಿನ ಬಯಲೇ ಎಡೆದೊರೆ ನಾಡು. ರಾಯಚೂರು ಜಿಲ್ಲೆಯ ಕವಿತಾಳ ಆ ಬಯಲಿನ ಪಟ್ಟಣ. ಎರಡು ಮಹಾನದಿಗಳ ನಡುವೆ ಇದ್ದರೂ ಮಳೆಯನ್ನೇ ನಂಬಿದ ಹೊಲಗಳು ಆ ಸೀಮೆಯಲ್ಲಿವೆ. ಕವಿತಾಳಕ್ಕೆ ಸಮೀಪದ ಪಾಮನಕಲ್ಲೂರಿನಲ್ಲಿ 2020ರ ನವೆಂಬರ್‌ನಲ್ಲಿ ರೈತರು ಅನಿರ್ದಿಷ್ಟಾವಧಿ ಧರಣಿ ಹೂಡಿದರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಅವರ ಬೇಡಿಕೆ. ಧರಣಿ ನೂರು ದಿನ ದಾಟಿತು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಈ ಕಾಲುವೆಯೇ ದೊಡ್ಡ ಚರ್ಚೆಯಾಯಿತು. ಆಡಳಿತ ಪಕ್ಷದ ಅಭ್ಯರ್ಥಿ ಸೋತರು. ಆದರೆ ಚುನಾವಣೆ ಮುಗಿದೊಡನೆ ಕಾಲುವೆಗೆ ನೀರು ಹರಿಯಲಿಲ್ಲ.

ಬೆಂಗಳೂರಿನ ಕಥೆ ಬೇರೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲುಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕರೆ ಫೇಸ್‌ಬುಕ್, ಟ್ವಿಟರ್, ವಾಟ್ಸಾಪ್‌ಗಳಲ್ಲಿ ಹಬ್ಬಿತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ರಚಿಸಿದರು. ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಮೊಬೈಲ್ ಇದ್ದ ಮಾತ್ರಕ್ಕೆ ಗೆಲುವು ಬಂತೆನ್ನುವುದು ಅರ್ಧ ಸತ್ಯ. ರಾಜಧಾನಿಯ ಕೂಗು ವಿಧಾನಸೌಧಕ್ಕೆ ಬೇಗ ಕೇಳುತ್ತದೆ. ಪಾಮನಕಲ್ಲೂರಿನ ಕೂಗಿಗೆ ದೂರ ಹೆಚ್ಚು. ಆ ದೂರವನ್ನು ತಗ್ಗಿಸುವುದೇ ಸಾಮಾಜಿಕ ಜಾಲತಾಣದ ನಿಜವಾದ ಉಪಯೋಗ. ಸುದ್ದಿಯನ್ನು ಅದು ಕ್ಷಣದಲ್ಲಿ ಮುಟ್ಟಿಸುತ್ತದೆ. ಆದರೆ ಸುಗ್ಗಿಯ ಕೆಲಸ ಬಿಟ್ಟು ಚಪ್ಪರದಡಿ ಕೂರಬೇಕಾದವರು, ಅವರಿಗೆ ಅಂಬಲಿ, ರೊಟ್ಟಿ ಒದಗಿಸಬೇಕಾದವರು ಊರಿನವರೇ.

ಅಪಾಯವೂ ಇದೆ. 2012ರ ಆಗಸ್ಟ್‌ನಲ್ಲಿ ಸುಳ್ಳು ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ಜನರನ್ನು ಸೇರಿಸುವ ಸಾಧನವೇ ಜನರನ್ನು ಚದುರಿಸಲೂಬಲ್ಲದು.

ಮಲೆನಾಡಿಗೆ ಇದು ಪರರ ಮಾತಲ್ಲ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವವನ್ನು ವಿರೋಧಿಸಿ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆದರೆ ನದಿಯ ಪ್ರಶ್ನೆ ಒಂದು ದಿನದ ಬಂದ್‌ಗೆ ಮುಗಿಯುವುದಿಲ್ಲ. ಆದುದರಿಂದ ವಿದ್ಯಾರ್ಥಿಗಳು ಯಾವ ಸಂದೇಶವನ್ನೂ ಮೂಲ ವಿಚಾರಿಸದೆ ಮುಂದೆ ಕಳಿಸಬಾರದು. ಊರ ಹಿರಿಯರು ಮೊಬೈಲಿನ ಕರೆಯನ್ನು ಗ್ರಾಮಸಭೆಯ ನಿರ್ಣಯವಾಗಿಸಬೇಕು. ಫೋನಿಲ್ಲದ ಮನೆಗೆ ಯಾರಾದರೂ ನಡೆದುಹೋಗಿ ಸುದ್ದಿ ತಿಳಿಸಬೇಕು.

ಘಟ್ಟದ ಮೇಲೆ ಕಾಡು ಕಡಿದರೆ ಎಡೆದೊರೆಯ ಹೊಲವೂ ಒಣಗುತ್ತದೆ. ಘಟ್ಟದ ಊರುಗಳೂ ಕವಿತಾಳದಂತಹ ಬಯಲಿನ ಊರುಗಳೂ ಪರಸ್ಪರರ ಧರಣಿಯ ಸುದ್ದಿಯನ್ನು ಅದೇ ದಿನ ಅರಿಯುವಂತಾದರೆ, ಕೈಯಲ್ಲಿರುವ ಈ ಪುಟ್ಟ ಯಂತ್ರ ಸಾರ್ಥಕವಾದೀತು.