ಹರೆಯದ ಮಿದುಳೂ ಹಿರಿಯರ ಹೊಣೆಯೂ



ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಅರಿಯದವರಿಲ್ಲ. ಆದರೆ ಮನುಷ್ಯನು ಯಾವ ವಯಸ್ಸಿನವರೆಗೆ ಗಿಡ, ಎಂದಿನಿಂದ ಮರ ಎಂಬುದನ್ನು ಗಾದೆಯು ಹೇಳುವುದಿಲ್ಲ. ಮೀಸೆ ಮೂಡಿದ ಮಗನಿಗೆ ಇನ್ನೂ ವಿವೇಕ ಬಾರದಿದ್ದರೆ ಎಂದಿಗೂ ಬಾರದೆಂದು ತಾಯಿತಂದೆಗಳು ನಿರಾಶರಾಗುವುದುಂಟು. ಈ ನಿರಾಶೆಗೆ ಆಧಾರವಿಲ್ಲವೆಂದು ಮಿದುಳಿನ ಶಾಸ್ತ್ರವು ಈಚಿನ ದಶಕಗಳಲ್ಲಿ ತೋರಿಸಿಕೊಟ್ಟಿರುವುದು.

ಆರು ವರ್ಷದ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿರುವುದು. ಗಾತ್ರವು ಮುಗಿಯಿತೆಂದ ಮಾತ್ರಕ್ಕೆ ಒಳಗಿನ ರಚನೆಯು ಮುಗಿಯಿತೆಂದಲ್ಲ. 1999ರಲ್ಲಿ ಅಮೆರಿಕದ ಜೇ ಗೀಡ್ ಎಂಬ ವೈದ್ಯರೂ ಅವರ ಸಂಗಡಿಗರೂ ಎಂ.ಆರ್.ಐ. ಯಂತ್ರದಿಂದ ಮಕ್ಕಳ ಮಿದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸಿ, ಅದರ ಬೂದುಬಣ್ಣದ ಭಾಗವು ಹರೆಯದ ಹೊಸ್ತಿಲಿನವರೆಗೆ ಹೆಚ್ಚಿ, ಆಮೇಲೆ ಕಡಮೆಯಾಗುತ್ತ ಬರುವುದೆಂದು ಪ್ರಕಟಿಸಿದರು. ಈ ಕಡಮೆಯು ನಷ್ಟವಲ್ಲ. ಬಳಸಿದ ನರಸಂಬಂಧಗಳು ಬಲಗೊಂಡು, ಬಳಸದವು ಉದುರಿಹೋಗುವುವು. ಉಳಿದ ಎಳೆಗಳಿಗೆ ಕೊಬ್ಬಿನ ಕವಚವು ಕೂಡಿ, ಅವುಗಳ ಸಂದೇಶವು ಶೀಘ್ರವಾಗಿ ಸಾಗುವುದು. ತೋಟಗಾರನು ಗಿಡವನ್ನು ಸವರುವುದೂ ಹೀಗೆಯೇ. ಹಣೆಯ ಹಿಂದಿರುವ ಭಾಗ, ಅಂದರೆ ಮುಂದಾಲೋಚನೆಗೂ ಸಂಯಮಕ್ಕೂ ನೆಲೆಯಾದುದು, ಎಲ್ಲಕ್ಕಿಂತ ಕಡೆಗೆ, ಸುಮಾರು ಇಪ್ಪತ್ತೈದರ ಪ್ರಾಯದಲ್ಲಿ ಪಕ್ವವಾಗುವುದು. ಆಸೆ, ಆವೇಶ, ಮೆಚ್ಚುಗೆಯ ಹಂಬಲಗಳಿಗೆ ಸಂಬಂಧಿಸಿದ ಭಾಗಗಳಾದರೋ ಅದಕ್ಕೆ ಬಹು ಮೊದಲೇ ಚುರುಕಾಗುವುವು.

ಇದರ ಫಲವನ್ನು ನೋಡಬೇಕಾದರೆ ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹೋಗುವ ಹಳೇ ಮದ್ರಾಸು ರಸ್ತೆಯಲ್ಲಿ ಒಂದು ಸಂಜೆ ನಿಂತರೆ ಸಾಕು. ಒಬ್ಬನೇ ಇರುವಾಗ ಹದವಾಗಿ ವಾಹನ ನಡೆಸುವ ಹುಡುಗನು, ಬೆನ್ನಿಗೆ ಇಬ್ಬರು ಗೆಳೆಯರು ಕುಳಿತೊಡನೆ ಬೇರೆಯವನೇ ಆಗುವನು. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ವಾಹನ ನಡೆಸುವ ಆಟವೊಂದರಿಂದ ಇದನ್ನೇ ಪರೀಕ್ಷಿಸಿ, ಗೆಳೆಯರ ಸಮ್ಮುಖದಲ್ಲಿ ಕಿಶೋರರು ಹೆಚ್ಚು ಅಪಾಯಕ್ಕೆ ಕೈಹಾಕುವರೆಂದೂ ಪ್ರೌಢರಲ್ಲಿ ಹಾಗೆ ಆಗದೆಂದೂ ಕಂಡರು. ಆದುದರಿಂದ ಅಪಾಯವನ್ನು ವಿವರಿಸಿ ಹೇಳಿದರಷ್ಟೇ ಸಾಲದು. ಅಪಾಯದ ಸಂದರ್ಭವನ್ನೇ ತಪ್ಪಿಸಬೇಕು. ಅಪ್ರಾಪ್ತವಯಸ್ಕನಿಗೆ ವಾಹನವನ್ನು ಕೊಟ್ಟು, ಅವನು ಅಪರಾಧವೆಸಗಿದರೆ, ಪೋಷಕರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ 2019ರ ತಿದ್ದುಪಡಿಯು ವಿಧಿಸಿರುವುದು. ಕೀಲಿಕೈಯನ್ನು ಮನೆಯಲ್ಲಿಯೇ ತಡೆಯುವುದು ಅದಕ್ಕಿಂತ ಸುಲಭವಷ್ಟೆ.

ನಿದ್ರೆಯ ವಿಷಯವೂ ವಿಚಾರಾರ್ಹವಾದುದು. ನಿದ್ರೆಯನ್ನು ಬರಿಸುವ ಮೆಲಟೋನಿನ್ ಎಂಬ ರಸವು ಹರೆಯದಲ್ಲಿ ರಾತ್ರಿ ತಡವಾಗಿ ಸ್ರವಿಸುವುದು. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುವರು. ಬೆಳಗಾಗುವ ಮುನ್ನವೇ ಮನೆಪಾಠಕ್ಕೆಂದು ಎಬ್ಬಿಸಿ, ಆಮೇಲೆ ಜನಭರಿತವಾದ ಬಸ್ಸಿನಲ್ಲಿ ಶಾಲೆಗೆ ಕಳುಹಿಸಿದ ಮಗುವು ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಬಯ್ಯುವುದು ನ್ಯಾಯವಲ್ಲ. ಮೊಬೈಲನ್ನು ಹಾಸಿಗೆಯಿಂದ ದೂರವಿಡುವ ನಿಯಮವನ್ನು ಮನೆಯ ಹಿರಿಯರೂ ಪಾಲಿಸಿದರೆ ಮಾತ್ರ ಮಕ್ಕಳು ಪಾಲಿಸುವರು.

ಇದು ಇಂದಿರಾನಗರದ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಸಂಬಂಧಿಸಿದುದಲ್ಲ. ಶಿವಾಜಿನಗರದ ಓಣಿಗಳಲ್ಲಿ ತಮಿಳು, ಉರ್ದು, ಕನ್ನಡಗಳನ್ನು ಒಟ್ಟಿಗೆ ಕೇಳುತ್ತ ಬೆಳೆಯುವ, ಓದಿನ ಜೊತೆಗೆ ಅಂಗಡಿಯ ಕೆಲಸಕ್ಕೂ ಕೈಕೊಡುವ ಬಾಲಕನ ಮಿದುಳೂ ಅದೇ ಕ್ರಮದಲ್ಲಿ ಬೆಳೆಯುವುದು. ಅವನಿಗೂ ನಿದ್ರೆ ಬೇಕು, ಆಟ ಬೇಕು, ಆದರಿಸುವ ಒಬ್ಬ ಹಿರಿಯನು ಬೇಕು.

ಬೆಂಗಳೂರಿನಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯು ಕಿಶೋರರಿಗೆ ಜೀವನಕೌಶಲಗಳನ್ನು ಶಾಲೆಯ ಉಪಾಧ್ಯಾಯರ ಮೂಲಕ ಕಲಿಸುವ ಕ್ರಮವೊಂದನ್ನು ರೂಪಿಸಿತು. 2010ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ, ಈ ಶಿಕ್ಷಣವನ್ನು ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ಮಂದಿಯೊಡನೆ ಹೋಲಿಸಲಾಯಿತು. ಪಡೆದವರಲ್ಲಿ ಆತ್ಮಗೌರವವೂ ಕಷ್ಟವನ್ನು ಎದುರಿಸುವ ಶಕ್ತಿಯೂ ಉಪಾಧ್ಯಾಯರೊಡನೆ ಹೊಂದಾಣಿಕೆಯೂ ಉತ್ತಮವಾಗಿದ್ದವು. ಆದರೆ ಮನೆಯವರೊಡನೆ ಹೊಂದಿಕೊಳ್ಳುವುದರಲ್ಲಿ ಎರಡು ಗುಂಪಿಗೂ ಭೇದವು ಕಾಣಲಿಲ್ಲ. ಈ ಕಡೆಯ ಮಾತನ್ನು ತಾಯಿತಂದೆಗಳು ವಿಶೇಷವಾಗಿ ಲಕ್ಷಿಸಬೇಕು. ಮನೆಯು ಮಾಡಬೇಕಾದುದನ್ನು ಶಾಲೆಯು ಮಾಡಿಕೊಡಲಾರದು.

ಮಿದುಳು ಪಕ್ವವಾಗಿಲ್ಲವೆಂಬುದು ತಪ್ಪಿಗೆ ನೆಪವಾಗಲಾಗದು; ಕಿಶೋರರನ್ನು ಅಸಮರ್ಥರೆಂದು ಎಣಿಸುವುದಕ್ಕೆ ಕಾರಣವೂ ಆಗಲಾಗದು. ಮನಸ್ಸು ಶಾಂತವಾಗಿರುವಾಗ ಹದಿನಾರರವರು ಹಿರಿಯರಂತೆಯೇ ತರ್ಕಿಸಬಲ್ಲರು. ಆ ಪ್ರಾಯದ ಮಗನನ್ನು ಮಿತ್ರನಂತೆ ಕಾಣಬೇಕೆಂಬುದು ಹಿಂದಿನವರ ನೀತಿಯೂ ಹೌದು. ಕೋಪವು ಏರಿರುವಾಗ ಉಪದೇಶವು ಒಳಗೆ ಇಳಿಯದು. ಊಟವಾದಮೇಲೆ ಸಾವಧಾನವಾಗಿ ಆಡಿದ ಎರಡು ಮಾತು ಇಳಿಯುವುದು.

ಕಡೆಯದಾಗಿ ಒಂದು ಎಚ್ಚರಿಕೆ. ಆಯುಷ್ಯದಲ್ಲಿ ಬರುವ ಮನೋರೋಗಗಳಲ್ಲಿ ಅರ್ಧದಷ್ಟು ಹದಿನಾಲ್ಕರ ಒಳಗೂ, ಮುಕ್ಕಾಲು ಪಾಲು ಇಪ್ಪತ್ತನಾಲ್ಕರ ಒಳಗೂ ತಲೆದೋರುವುವೆಂದು ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಮಗುವು ಎರಡು ವಾರಗಳಿಗಿಂತ ಹೆಚ್ಚಾಗಿ ಖಿನ್ನವಾಗಿದ್ದರೆ, ಗೆಳೆಯರನ್ನೂ ಆಟವನ್ನೂ ತೊರೆದರೆ, ಬದುಕು ಬೇಡವೆಂಬ ಮಾತನ್ನಾಡಿದರೆ, ದೃಷ್ಟಿದೋಷವೆಂದೋ ಹಟವೆಂದೋ ಕಾಲವನ್ನು ಕಳೆಯಲಾಗದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಎಂಬ ಸರಕಾರದ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುವುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾಚದವರು ಮನಸ್ಸು ನೊಂದಾಗ ನಾಚಬೇಕಾದುದೇನು?

ಇಪ್ಪತ್ತೈದರವರೆಗೂ ಗಿಡವು ಗಿಡವೇ. ಅಲ್ಲಿಯವರೆಗೆ ನೀರೆರೆದು, ಊರೆಗೋಲು ಕೊಟ್ಟು, ಕಾದಿರುವ ತಾಳ್ಮೆಯು ಪ್ರತಿ ಮನೆಯಲ್ಲಿಯೂ ನೆಲೆಸಲಿ. ಸರ್ವರಿಗೂ ಮಂಗಳವಾಗಲಿ.