ತಿರ್ಜಾ: ಕೇಳಿ ಪಡೆದವಳ ಹೆಸರು



ಹೆಣ್ಣುಮಕ್ಕಳ ಹೆಸರುಗಳ ಬಗ್ಗೆ ಮಾತನಾಡಲು ಹೇಳಿದಿರಿ. ನಮ್ಮಲ್ಲಿ ಅಪರೂಪವಾದ ಒಂದು ಹೀಬ್ರೂ ಹೆಸರನ್ನು ಆರಿಸಿಕೊಂಡಿದ್ದೇನೆ: ತಿರ್ಜಾ. ಇಂಗ್ಲಿಷ್ ಬರಹ ನೋಡಿ ನಾವು ಹೀಗೆನ್ನುತ್ತೇವೆ. ಇಸ್ರೇಲಿನವರ ಬಾಯಲ್ಲಿ ಅದು 'ತಿರ್ತ್ಸಾ'. ಮೆಚ್ಚು, ಒಲಿ ಎಂಬ ಅರ್ಥದ ಧಾತುವಿನಿಂದ ಬಂದ ಹೆಸರು. ಮನಸ್ಸಿಗೆ ಹಿತವಾದವಳು ಎಂದರ್ಥ, ನಮ್ಮ ಪ್ರಿಯಾ, ರಮ್ಯಾ ಇದ್ದ ಹಾಗೆ.

ಇದೇ ಹೆಸರಿನ ಊರು ಪ್ರಾಚೀನ ಇಸ್ರೇಲಿನ ಉತ್ತರ ರಾಜ್ಯಕ್ಕೆ ಕೆಲಕಾಲ ರಾಜಧಾನಿಯಾಗಿತ್ತು. ಬೈಬಲಿನ ಪರಮಗೀತದಲ್ಲಿ ನಲ್ಲೆಯ ಚೆಲುವನ್ನು ಆ ಊರಿಗೆ ಹೋಲಿಸಲಾಗಿದೆ. 1880ರಲ್ಲಿ ಬಂದ 'ಬೆನ್ ಹರ್' ಕಾದಂಬರಿಯ ನಾಯಕನ ತಂಗಿಯೂ ತಿರ್ಜಾ.

ನನಗೆ ಈ ಹೆಸರು ಹಿಡಿಸಿದ್ದು ಮಾತ್ರ ಬೇರೊಬ್ಬ ತಿರ್ಜಾಳಿಂದ. ಬೈಬಲಿನ ಅರಣ್ಯಕಾಂಡದಲ್ಲಿ ಚೆಲೋಫೆಹಾದ್ ಎಂಬಾತನಿಗೆ ಐವರು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಜಾ. ಗಂಡುಮಕ್ಕಳಿಲ್ಲದೆ ಅಪ್ಪ ತೀರಿಕೊಂಡ. ಐವರೂ ಮೋಶೆಯ ಮುಂದೆ, ಇಡೀ ಸಭೆಯ ಎದುರು ನಿಂತು, ಗಂಡು ಸಂತಾನವಿಲ್ಲವೆಂದು ನಮ್ಮ ತಂದೆಯ ಹೆಸರು ಅಳಿಯಬೇಕೇ, ನಮಗೂ ಭೂಮಿ ಕೊಡಿ ಎಂದು ಕೇಳಿದರು. ಅವರ ಮಾತು ನ್ಯಾಯವೆಂದು ದೇವರ ತೀರ್ಪು ಬಂತು. ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತು ಆಮೇಲೆ ಸೇರಿತು, ನಿಜ. ಆದರೂ ಭೂಮಿ ಸಿಕ್ಕಿತು. 'ಇಂಥವನ ಮಕ್ಕಳು' ಎಂದಷ್ಟೇ ಬರೆಯದೆ ಐವರ ಹೆಸರನ್ನೂ ಬರೆದಿಟ್ಟಿದ್ದಾರೆ.

ನಮ್ಮಲ್ಲಿ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಜಾರಿಯಾದದ್ದು 1994ರಲ್ಲಿ. ಮದುವೆಯಾಗಿದ್ದವರನ್ನು ಆಗ ಹೊರಗಿಟ್ಟಿದ್ದರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಬದಲಾಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಕಾನೂನೇನೋ ಬಂತು, ಕೇಳುವ ಬಾಯಿ ಬರಬೇಕಲ್ಲ! ಪಾಲು ಕೇಳಿದರೆ ತವರು ತಪ್ಪುತ್ತದೆಂಬ ಅಳುಕಿನಲ್ಲಿ ಓದದೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ನಮ್ಮ ನಡುವೆಯೇ ಇದ್ದಾರೆ. ಬಿಟ್ಟುಕೊಡುವುದು ಅವರವರ ಇಷ್ಟ. ಆದರೆ ತಿಳಿದು ಬಿಡುವುದು ಬೇರೆ, ಹೆದರಿ ಬಿಡುವುದು ಬೇರೆ.

ನಾನು ಕಂಪ್ಯೂಟರ್ ಕೆಲಸದವಳು, ಕೊನೆಗೊಂದು ಉಪಯೋಗದ ಮಾತು. ಸರ್ವೆ ನಂಬರ್ ಗೊತ್ತಿದ್ದರೆ ಕರ್ನಾಟಕದ 'ಭೂಮಿ' ಜಾಲತಾಣದಲ್ಲಿ ಊರಿನ ಜಮೀನಿನ ಪಹಣಿಯನ್ನು ಇಲ್ಲಿ ಕುಳಿತೇ ನೋಡಬಹುದು. ಮಗಳಿಗೆ ಹೆಸರಿಡುವಾಗ ನಕ್ಷತ್ರ, ಅಕ್ಷರ, ಅರ್ಥ ಎಲ್ಲ ನೋಡುತ್ತೇವೆ. ಆ ಹೆಸರು ಪಹಣಿಯಲ್ಲೂ ಬಂದಿದೆಯೇ ಎಂದು ಒಮ್ಮೆ ನೋಡಿ.